ಹತ್ತಡಿ ನಗು

ತಾಯಿ ಇಟ್ಟ ಹೆಸರು ಪೊನ್ನುರಂಗಂ. ಪೊನ್ನು ಅಂದರೆ ಹೊನ್ನು. ಕೋಡಂಬಾಕ್ಕಂನ ಸ್ಟುಡಿಯೋಗಳು ಒಂದೇ ವರ್ಷದಲ್ಲಿ ಆ ಹೊನ್ನನ್ನು ಕೆರೆದು ತೆಗೆದು ಅವನನ್ನು ಪೊಣರಂಗಂ ಮಾಡಿದವು. ಪೊಣ ಅಂದರೆ ಹೆಣ. ಗೇಟಿನ ಕಾವಲುಗಾರನಿಂದ ಹಿಡಿದು ಕಾಫಿ ಹಂಚುವವನವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತಿತು. ಅವನಿಗೆ ಬೇಸರವೇನೂ ಆಗಲಿಲ್ಲ. ಗುಂಪಿನ ದೃಶ್ಯಕ್ಕೆಂದು ಲಾರಿಯಲ್ಲಿ ತುಂಬಿಸಿ ತರುವ ಇನ್ನೂರು ಜನರಲ್ಲಿ ಹೆಸರು ಹಿಡಿದು ಕರೆಸಿಕೊಳ್ಳುವ ಯೋಗ ಎಷ್ಟು ಜನಕ್ಕಿರುತ್ತದೆ?

ಹದಿನೆಂಟು ವರ್ಷ ಅವನು ಹೆಣವಾಗಿ ಅನ್ನ ತಿಂದ. ತಮಿಳಿನಲ್ಲಿ ಸತ್ತ, ತೆಲುಗಿನಲ್ಲಿ ಸತ್ತ. ಕನ್ನಡ, ಮಲಯಾಳಂ ಚಿತ್ರಗಳೂ ಆಗ ಅಲ್ಲೇ ತಯಾರಾಗುತ್ತಿದ್ದುದರಿಂದ ಆ ಎರಡರಲ್ಲೂ ಸತ್ತ. ದೊಡ್ಡ ದೊಡ್ಡ ನಟರು ಪರಭಾಷೆಯ ಮಾತು ನಾಲಿಗೆಗೆ ಹತ್ತದೆ ಒದ್ದಾಡುತ್ತಿದ್ದರೆ ಇವನು ಚಟ್ಟದ ಮೇಲೆ ನಿಶ್ಚಿಂತೆಯಿಂದ ಮಲಗಿರುತ್ತಿದ್ದ. ನಾಯಕಿಯ ತಂದೆ, ಊರಿನ ಗೌಡ, ಧರ್ಮಾತ್ಮ ಜಮೀನ್ದಾರ, ಯಾರು ಸತ್ತರೂ ಹೆಣದ ಷಾಟಿಗೆ ಇವನೇ ಬೇಕು. ಬದುಕಿದ್ದಾಗಿನ ಪಾತ್ರ ಮಾಡಿದ ನಟ ಚಟ್ಟದ ಮೇಲೆ ಮಲಗಲು ಒಪ್ಪುತ್ತಿರಲಿಲ್ಲ. ಅಪಶಕುನ. ಅಪಶಕುನವೆಲ್ಲ ದೊಡ್ಡವರಿಗೆ ಮಾತ್ರ ತಗಲುತ್ತದೆ, ಎಕ್ಸ್‌ಟ್ರಾಗಳಿಗೆ ತಗಲುವುದಿಲ್ಲ ಎಂದು ಸಿನಿಮಾದವರು ತಮ್ಮೊಳಗೇ ಇತ್ಯರ್ಥ ಮಾಡಿಕೊಂಡಿದ್ದರು.

ಹೆಣವಾಗುವುದು ಸುಲಭವಲ್ಲ. ದವಡೆಗೆ ಬಟ್ಟೆ ಕಟ್ಟುತ್ತಾರೆ, ಹಣೆಗೆ ನಾಣ್ಯ ಅಂಟಿಸುತ್ತಾರೆ, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಗಿಯುತ್ತಾರೆ. ಮೇಲೆ ಸುಡುವ ದೀಪಗಳು. ಮೂಗಿನ ಮೇಲೆ ನೊಣ ಕೂತರೂ ರೆಪ್ಪೆ ಅಲುಗಬಾರದು. ಉಸಿರನ್ನು ಎದೆಗೆ ತರದೆ ಹೊಕ್ಕುಳಿನ ಕೆಳಗೆ ಸಣ್ಣಗೆ ಆಡಿಸುವುದನ್ನು ಅವನಿಗೆ ಕಲಿಸಿದವನು ಏಕಾಂಬರಂ, ಅವನಿಗಿಂತ ಮೊದಲಿನ ಹೆಣ. ಕಣ್ಣು ಮುಚ್ಚಿ ಮಲಗಿದವನಿಗೆ ಕಿವಿಯೇ ಕಣ್ಣು ಎಂದೂ ಅವನೇ ಹೇಳಿಕೊಟ್ಟ. ಹೀಗೆ ಮಲಗಿ ಮಲಗಿ ಪೊನ್ನುರಂಗಂನ ಕಿವಿ ಎಷ್ಟು ಪಳಗಿತೆಂದರೆ, ಓಡುತ್ತಿರುವ ಕ್ಯಾಮೆರಾದೊಳಗೆ ಫಿಲಂ ಇದೆಯೋ ಇಲ್ಲವೋ ಎಂಬುದನ್ನು ಸದ್ದಿನಲ್ಲೇ ಹೇಳಬಲ್ಲವನಾದ. ಫಿಲಂ ಇದ್ದರೆ ಒಣಗಿದ ಎಲೆ ತುಳಿದ ಹಾಗೆ ಚರಚರ. ಇಲ್ಲದಿದ್ದರೆ ಬರೀ ಗುಂಯ್.

ಏಕಾಂಬರಂ ಕಲಿಸಿದ ಮೂರನೆಯ ಪಾಠವೇ ನಗು. ಹೆಣದ ಷಾಟು ಮುಗಿದ ಮೇಲೆ, ಚಟ್ಟದಿಂದ ಇಳಿಯುವ ಮುಂಚೆ, ಎದ್ದು ಕೂತು ಕ್ಯಾಮೆರಾವನ್ನು ನೋಡಿ ನಗಬೇಕು. ಆ ನಗುವನ್ನು ಫಿಲಮ್ಮಿನ ಮೇಲೆ ಹಿಡಿಯಬೇಕು, ಹತ್ತಡಿಯಾದರೂ ಸಾಕು, ಅಂದರೆ ಏಳು ಎಣಿಸುವಷ್ಟು ಹೊತ್ತು. ಕ್ಯಾಮೆರಾ ಕೊನೆಗೆ ಕಂಡದ್ದು ಸತ್ತ ಮುಖವಾಗಿರಬಾರದು ಎಂಬ ಕಟ್ಟಳೆ ಅದು. ಆಮೇಲೆ ಬೂದುಗುಂಬಳ ಒಡೆದು ಕರ್ಪೂರ ಹಚ್ಚುತ್ತಾರೆ. ಎಡಿಟರು ಆ ನಗುವನ್ನು ಕತ್ತರಿಸಿ ಬುಟ್ಟಿಗೆ ಎಸೆಯುತ್ತಾನೆ, ತೆರೆಯ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ಆದರೆ ನಕ್ಕದ್ದು ನಕ್ಕ ಹಾಗೆ.

ಒಂದು ದಿನ ಏಕಾಂಬರಂನ ಷಾಟು ಮುಗಿಯುತ್ತಿದ್ದ ಹಾಗೇ ಕರೆಂಟು ಹೋಯಿತು. ಎಲ್ಲರೂ ಊಟಕ್ಕೆ ಹೋದರು. ಬರುವಷ್ಟರಲ್ಲಿ ಡೈರೆಕ್ಟರ್ ಮನಸ್ಸು ಬದಲಿಸಿ ಸೆಟ್ಟನ್ನೇ ಬಿಚ್ಚಿಸಿದ್ದ. ಏಕಾಂಬರಂ ನಗು ತಪ್ಪಿಹೋದದ್ದನ್ನು ಹೇಳಿಕೊಂಡು ತಾನೇ ತಮಾಷೆ ಮಾಡಿದ. ಹನ್ನೆರಡನೆಯ ದಿನ, ಹಾಡುಹಗಲಿನಲ್ಲಿ, ಹದಿನೈದು ವರ್ಷದಿಂದ ದಿನಕ್ಕೆರಡು ಸಲ ದಾಟುತ್ತಿದ್ದ ಕೋಡಂಬಾಕ್ಕಂ ರೈಲ್ವೆ ಗೇಟಿನಲ್ಲಿ ಗಾಡಿಗೆ ಸಿಕ್ಕಿದ. ಅವನು ಹಳಿಯ ನಡುವೆ ಕಣ್ಣು ಬಿಟ್ಟುಕೊಂಡೇ ನಿಂತಿದ್ದ, ಎಷ್ಟು ಕೂಗಿದರೂ ಅಲುಗಲಿಲ್ಲ ಎಂದು ಗೇಟಿನವನು ಹೇಳಿದ.

ಅಂದಿನಿಂದ ಪೊನ್ನುರಂಗಂನದು ಒಂದೇ ಷರತ್ತು. ಕೂಲಿ ತಡವಾಗಲಿ, ಊಟದ ಪೊಟ್ಟಣ ಹಳಸಿರಲಿ, ಹತ್ತಡಿ ನಗು ಬೇಕೇ ಬೇಕು. ಎಡಿಟಿಂಗ್ ಕೋಣೆಯಲ್ಲಿ ಕೈಕಾಲು ಹಿಡಿದು, ಬುಟ್ಟಿಗೆ ಬಿದ್ದ ತನ್ನ ನಗುವಿನ ತುಂಡುಗಳನ್ನೆಲ್ಲ ತಂದು ಬಿಸ್ಕತ್ತಿನ ಡಬ್ಬಿಯಲ್ಲಿ ಸುರುಳಿ ಸುತ್ತಿಟ್ಟ. ತಾನು ಹೆಣವಾಗಿದ್ದ ಚಿತ್ರಗಳನ್ನು ಮಾತ್ರ ಅವನು ಒಂದನ್ನೂ ನೋಡಲಿಲ್ಲ. ಸತ್ತ ತನ್ನ ಮುಖ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಡವಾಗಿತ್ತು.

ಅವನ ಹೆಂಡತಿ ವಡಿವು ಚಟ್ಟದ ಸುತ್ತ ಎದೆ ಬಡಿದುಕೊಂಡು ಅಳುವ ಹೆಂಗಸರ ಗುಂಪಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡನ ಹೆಣದ ಮುಂದೆ ಅತ್ತು ಸಾಕಾಗಿ, ಸಂಜೆ ಅವನಿಗೇ ಸಾರು ಬಡಿಸುತ್ತಿದ್ದ ಹೆಂಗಸು. ಈ ನಗುವಿನ ಶಾಸ್ತ್ರದಲ್ಲಿ ಅವಳಿಗೆ ಅಂಥ ನಂಬಿಕೆ ಇರಲಿಲ್ಲ. ಒಬ್ಬಳೇ ಮಗಳು ಅಂಜುಗಂ, ಒಂಬತ್ತು ವರ್ಷ. ಅಪ್ಪ ಮಗಳಿಗೆ ಮನೆಯಲ್ಲಿ ಒಂದು ಆಟವಿತ್ತು. ಅಪ್ಪ ಚಾಪೆಯ ಮೇಲೆ ಹೆಣವಾಗಿ ಮಲಗುವುದು, ಮಗಳು ಅಂಗಾಲಿಗೆ ಕಚಗುಳಿ ಇಡುವುದು. ಅವನು ಅಲುಗುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಅವಳೇ ನಗಬೇಕು, “ಗೊತ್ತಾಯ್ತು ಅಪ್ಪಾ, ಏಳು” ಅನ್ನಬೇಕು. ಆಗ ಅವನು ಧಡಕ್ಕನೆ ಎದ್ದು ಕೂತು ನಗುತ್ತಿದ್ದ. ಮನೆಯಲ್ಲೂ ಹೆಣ ನಗದೆ ಏಳುವಂತಿಲ್ಲ. ಆದರೆ ಮಗಳನ್ನು ಹೆಣದ ಷಾಟಿಗೆ ಎಂದೂ ಮಲಗಿಸಕೂಡದು ಎಂದು ಅವನು ವಡಿವಿಗೆ ಕಟ್ಟಪ್ಪಣೆ ಮಾಡಿದ್ದ.

ಯುದ್ಧ ಮುಗಿದ ಮರುವರ್ಷ ಅದು. ಹೊರದೇಶದಿಂದ ಫಿಲಂ ಬರುವುದು ಕಡಿಮೆಯಾಗಿ, ಸ್ಟುಡಿಯೋಗಳಲ್ಲಿ ಅಡಿ ಅಡಿಗೂ ಕಾವಲು ಶುರುವಾಗಿತ್ತು. ಆ ವರ್ಷ ತಮಿಳರ ಪುರಟಾಸಿ ತಿಂಗಳಲ್ಲಿ ಪೊನ್ನುರಂಗಂ ಯಾವುದೋ ರಾಜರ ಕಥೆಯ ಚಿತ್ರಕ್ಕೆ ಈಟಿ ಹಿಡಿಯಲು ನಾಲ್ಕು ದಿನ ಹೊರಾಂಗಣಕ್ಕೆ ಹೋಗಿ ಬಂದ. ಮಧ್ಯಾಹ್ನ ಹೊಸಿಲು ದಾಟುವ ಮೊದಲೇ ಅಂಜುಗಂ ಓಡಿ ಬಂದು, ಅಪ್ಪಾ, ನಾನೂ ನಿನ್ನ ವೇಷ ಹಾಕಿದೆ ಅಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ತನ್ನ ಕಾಲಿನ ಹೆಬ್ಬೆರಳು ತೋರಿಸಿದಳು. ದಾರ ಬಿಗಿದ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. ಅವನು ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

“ನಕ್ಕೆಯಾ?” ಅಂದ.

“ಯಾವಾಗ?”

“ಆಮೇಲೆ. ಎದ್ದು ಕೂತು, ಕ್ಯಾಮೆರಾ ನೋಡಿ.”

“ಇಲ್ಲಪ್ಪಾ. ಎಲ್ರೂ ಊಟಕ್ಕೆ ಹೋಗ್ಬಿಟ್ರು. ಗಂಟು ಬಿಚ್ಚೋಕೆ ಬರ್ದೆ ನಾನು ಅಲ್ಲೇ ಮಲಗಿದ್ದೆ. ಅಮ್ಮ ಬಂದು ಬಿಚ್ಚಿದ್ಲು.”

ವಡಿವು ಒಲೆಯ ಮುಂದಿನಿಂದ ಏಳಲಿಲ್ಲ. ನಡೆದದ್ದನ್ನು ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಸಾಯುವ ಮಗುವಿನ ಪಾತ್ರ ಮಾಡುತ್ತಿದ್ದ ಹುಡುಗಿಯನ್ನು ಅವಳ ತಾಯಿ ಚಟ್ಟ ಕಂಡ ಕೂಡಲೇ ಕಾರು ಹತ್ತಿಸಿಕೊಂಡು ಹೋಗಿಬಿಟ್ಟಳು. ಎಕ್ಸ್‌ಟ್ರಾಗಳನ್ನು ಒದಗಿಸುವ ಏಜೆಂಟ್ ತಣಿಕಾಚಲಂ ಅಂಜುಗಂ ಕಡೆ ಕೈ ತೋರಿಸಿದ. ಮೇಲೆ ಬಟ್ಟೆ ಹೊದಿಸುತ್ತಾರೆ, ಪಾದ ಬಿಟ್ಟು ಏನೂ ಕಾಣುವುದಿಲ್ಲ, ಒಲ್ಲೆ ಅಂದರೆ ನಾಳೆಯಿಂದ ಗಂಡ ಹೆಂಡತಿ ಇಬ್ಬರೂ ಬರುವುದು ಬೇಡ ಅಂದ. ಅವಳು ಇನ್ನೇನು ಮಾಡಬೇಕಿತ್ತು?

“ಮುಖಾನೇ ಕಾಣ್ಲಿಲ್ಲ ಅಂದ್ಮೇಲೆ ಏನಾಗುತ್ತೆ?” ಅಂದಳು.

“ಕ್ಯಾಮೆರಾಕ್ಕೆ ಕಾಣ್ಲಿಲ್ಲ. ಅವನಿಗೆ ಕಾಣಲ್ವಾ?”

ಅವನು ಯಾರೆಂದು ವಡಿವು ಕೇಳಲಿಲ್ಲ. ಷಾಟು ತೆಗೆದದ್ದು ಯಾವಾಗ ಎಂದು ಪೊನ್ನುರಂಗಂ ಕೇಳಿದ. ಮೊನ್ನೆ ಅಂದಳು. ಹಾಗಾದರೆ ಎರಡು ದಿನ ಆಗಲೇ ಕಳೆದಿದ್ದವು. ಮರುದಿನ ಬೆಳಿಗ್ಗೆ ಅಂಜುಗಂ ಇಡ್ಲಿ ಬೇಡವೆಂದಳು. ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು.

ವಡಪಳನಿಯ ಡಾಕ್ಟರು ಬಾಟಲಿಯಲ್ಲಿ ಕೆಂಪು ಔಷಧಿ ಕೊಟ್ಟು, ಊರಿಗೆಲ್ಲ ಜ್ವರ ಇದೆ, ಮೂರು ದಿನದಲ್ಲಿ ಬಿಡುತ್ತದೆ ಅಂದರು. ಪೊನ್ನುರಂಗಂ ಔಷಧಿಯನ್ನು ವಡಿವಿನ ಕೈಗೆ ಕೊಟ್ಟು, ಮಗಳನ್ನು ಹೆಗಲಿಗೆ ಹಾಕಿಕೊಂಡು ನೇರ ಸ್ಟುಡಿಯೋಗೆ ನಡೆದ. ಆ ಷಾಟು ತೆಗೆದಿದ್ದ ಕ್ಯಾಮೆರಾಮನ್ ಆರೋಕ್ಯಸಾಮಿ ಮುಂದಿನ ದೃಶ್ಯಕ್ಕೆ ದೀಪ ಜೋಡಿಸುತ್ತಿದ್ದ. ಒಳ್ಳೆಯ ಮನುಷ್ಯ. ಯಾರಿಗೂ ಇಲ್ಲ ಅನ್ನಲಾರದ ಒಳ್ಳೆಯತನ, ಅದರಿಂದ ಹಾಳಾದವರು ಬಹಳ ಜನ. ಪೊನ್ನುರಂಗಂ ಅವನ ಕಾಲಿಗೆ ಬಿದ್ದು ಹತ್ತೇ ಅಡಿ ಕೇಳಿದ. ಆರೋಕ್ಯಸಾಮಿ ಸುತ್ತ ನೋಡಿ, ಡೈರೆಕ್ಟರ್ ಇಲ್ಲದ್ದನ್ನು ಖಚಿತ ಮಾಡಿಕೊಂಡು, ಸರಿ, ಪಾಪುವನ್ನು ಅಲ್ಲಿ ನಿಲ್ಲಿಸು ಅಂದ. ತನ್ನ ಸಹಾಯಕ ಚೆಲ್ಲಯ್ಯನಿಗೆ ಕಣ್ಣಲ್ಲೇ ಏನೋ ಹೇಳಿದ. ಚೆಲ್ಲಯ್ಯ ಕ್ಯಾಮೆರಾ ಹಿಂದೆ ಏನೋ ತಿರುಗಿಸಿ ಸ್ವಿಚ್ ಹಾಕಿದ.

ಅಂಜುಗಂ ಜ್ವರದ ಮುಖದಲ್ಲೇ ಹಲ್ಲು ಬಿಟ್ಟು ನಕ್ಕಳು. ಅಪ್ಪ ಕಲಿಸಿದ ಹಾಗೆ ಏಳು ಎಣಿಸುವವರೆಗೂ ನಕ್ಕಳು.

ಕ್ಯಾಮೆರಾ ಗುಂಯ್ ಅನ್ನುತ್ತಿತ್ತು.

ಪೊನ್ನುರಂಗಂ ಆರೋಕ್ಯಸಾಮಿಯ ಮುಖ ನೋಡಿದ. ಅವನು ದೀಪದ ಕಡೆ ನೋಡುತ್ತಿದ್ದ. ಹೆಣದ ವೇಷದವನೊಬ್ಬ ಕ್ಯಾಮೆರಾಮನ್‌ನನ್ನು ಸುಳ್ಳುಗಾರ ಅನ್ನುವುದುಂಟೇ? ಅಂದರೂ ಮಗಳ ಎದುರಿಗೆ ಅನ್ನುವುದು ಹೇಗೆ? ಸರಿಯಾಗಿ ನಕ್ಕೆನಾ ಎಂದು ಅವಳು ಕೇಳಿದಾಗ, ಬಹಳ ಚೆನ್ನಾಗಿ ನಕ್ಕೆ ಅಂದ. ಕ್ಯಾಮೆರಾಮನ್‌ಗೆ ಕೈ ಮುಗಿದು ಹೊರಬಂದ.

ಚೆಲ್ಲಯ್ಯ ಗೇಟಿನವರೆಗೂ ಹಿಂದೆಯೇ ಬಂದ.

“ಅಣ್ಣೇ, ನಿಮ್ಮ ಕಿವಿಗೆ ಗೊತ್ತಾಗುತ್ತೆ ಅಂತ ಸಾರ್‌ಗೆ ನಾನು ಮೊದ್ಲೇ ಹೇಳಿದ್ದೆ” ಅಂದ. “ಅಡಿ ಅಡೀನೂ ಬರೆದುಕೊಳ್ತಾರೆ ಈಗ. ಮುಂದಿನ ತಿಂಗಳು ಹೊಸ ಫಿಲಂ ಬರುತ್ತಂತೆ. ಬಂದ ದಿನಾನೇ ನಾನೇ ತೆಗೀತೀನಿ.”

“ಅವಳಿಗೆ ಮುಂದಿನ ತಿಂಗಳು ಇಲ್ಲ ಚೆಲ್ಲಯ್ಯ” ಅಂದ ಪೊನ್ನುರಂಗಂ.

ಮೂರು ದಿನದಲ್ಲಿ ಬಿಡಬೇಕಿದ್ದ ಜ್ವರ ಬಿಡಲಿಲ್ಲ. ಬೆಳಿಗ್ಗೆ ಇಳಿಯುವುದು, ಮಧ್ಯಾಹ್ನ ಏರುವುದು. ಏರಿದಾಗ ಹುಡುಗಿ ಚಾಪೆಯ ಮೇಲೆ ಅಂಗಾತ ಮಲಗಿ ಎರಡು ಪಾದಗಳನ್ನೂ ಜೋಡಿಸಿಕೊಳ್ಳುತ್ತಿದ್ದಳು. ಪೊನ್ನುರಂಗಂ ಪಕ್ಕದಲ್ಲೇ ಕೂತು ಅವನ್ನು ಬಿಡಿಸಿಡುತ್ತಿದ್ದ. ಸ್ವಲ್ಪ ಹೊತ್ತಿಗೆ ಪಾದಗಳು ಮತ್ತೆ ತಾವಾಗಿ ಕೂಡಿಕೊಳ್ಳುತ್ತಿದ್ದವು. ವಡಿವು ಅದನ್ನು ಕಂಡ ದಿನವೇ ಮುರುಗನ ಗುಡಿಗೆ ಹೋಗಿ ಹರಕೆ ಕಟ್ಟಿ ಬಂದಳು.

ಮಗಳ ಷಾಟಿನಿಂದ ಎಂಟನೆಯ ದಿನ ತಣಿಕಾಚಲಂ ಹೇಳಿ ಕಳಿಸಿದ. ಬೇರೊಂದು ಕಂಪನಿಯ ತೆಲುಗು ಚಿತ್ರ, ಮರುದಿನ ಬೆಳಿಗ್ಗೆ ಹೆಣದ ಷಾಟು, ಕ್ಯಾಮೆರಾ ಆರೋಕ್ಯಸಾಮಿಯದೇ. ಪೊನ್ನುರಂಗಂ ಆ ಸಂಜೆಯೇ ಡೈರೆಕ್ಟರನ್ನು ಕಂಡು, ತನ್ನ ನಗುವಿನ ಹತ್ತಡಿಯಲ್ಲಿ ಮಗಳೂ ಇರಲಿ ಎಂದು ಬೇಡಿಕೊಂಡ. ಡೈರೆಕ್ಟರ್ ಎದ್ದು ನಿಂತ.

“ಬೇರೆ ಪಿಕ್ಚರಿನ ಹೆಣದ ಪೀಡೇನ ನನ್ನ ಫಿಲಮ್ಮಲ್ಲಿ ತೊಳೀತೀಯೇನಯ್ಯಾ? ನಿನ್ನ ನಗು ನಿನಗೆ ಸಿಗುತ್ತೆ. ಆ ಮಗೂನ ನನ್ನ ಸೆಟ್ಟೊಳಗೆ ತರಬೇಡ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವನಿಗೂ ಅದೇ ಭಯ.

ಮರುದಿನ ವಡಿವು ಅಳುವ ಹೆಂಗಸರ ಗುಂಪಿನೊಂದಿಗೆ ಸೆಟ್ಟಿಗೆ ಬಂದಾಗ ಅವಳ ಸೆರಗಿನೊಳಗೆ, ಕಂಬಳಿ ಸುತ್ತಿದ ಅಂಜುಗಂ ಇದ್ದಳು. ಮೂವತ್ತು ಹೆಂಗಸರು ಬಿಳಿ ಸೀರೆಯಲ್ಲಿ ಒತ್ತಾಗಿ ಕೂತು ಆ ಮಗುವನ್ನು ಮುಚ್ಚಿದರು. ಯಾರೂ ಏಕೆಂದು ಕೇಳಲಿಲ್ಲ. ಏಕಾಂಬರಂನ ಚಟ್ಟದ ಮುಂದೆಯೂ ಅತ್ತಿದ್ದವರು ಅವರಲ್ಲಿ ನಾಲ್ಕೈದು ಜನ ಇದ್ದರು, ಸಿನಿಮಾದ ಚಟ್ಟ ಅಲ್ಲ, ನಿಜವಾದದ್ದು.

ಪೊನ್ನುರಂಗಂ ಸತ್ತ. ಹೆಂಗಸರು ಎದೆ ಬಡಿದುಕೊಂಡರು. ಕ್ಯಾಮೆರಾ ಚರಚರ ಎಂದಿತು. ಅವನು ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿಸಿಕೊಂಡ, ಫಿಲಂ ಇದೆ. ಕಟ್ ಅಂದರು. ನಾಯಕನಟ ಕಣ್ಣೀರು ಒರೆಸಿಕೊಂಡು ಕುರ್ಚಿಗೆ ಹೋದ, ಡೈರೆಕ್ಟರ್ ಬೂದುಗುಂಬಳ ತರಿಸಲು ಆ ಕಡೆ ತಿರುಗಿದ. ಇವನ ಹತ್ತಡಿ ಮುಗಿಸು ಎಂದು ಆರೋಕ್ಯಸಾಮಿ ಚೆಲ್ಲಯ್ಯನಿಗೆ ಹೇಳಿದ. ಚೆಲ್ಲಯ್ಯ ಸ್ವಿಚ್ ಹಾಕಿದ.

ಒಂದು. ಪೊನ್ನುರಂಗಂ ದವಡೆಯ ಬಟ್ಟೆ ಕಿತ್ತು ಎದ್ದು ಕೂತ. ನಗಲಿಲ್ಲ. ವಡಿವಿನ ಕಡೆ ಎರಡೂ ಕೈ ಚಾಚಿದ. ಎರಡು. ಹೆಂಗಸರ ನಡುವಿನಿಂದ ಕಂಬಳಿಯ ಗಂಟು ಕೈಯಿಂದ ಕೈಗೆ ದಾಟಿ ಚಟ್ಟದ ಮೇಲೆ ಬಂತು. ಅವನು ಕಂಬಳಿ ಕಿತ್ತು ಮಗಳ ಮುಖವನ್ನು ಕ್ಯಾಮೆರಾ ಕಡೆ ತಿರುಗಿಸಿದ. “ನಗು ಕಣ್ಣೇ” ಅಂದ.

ಅಂಜುಗಂ ನಗಲಿಲ್ಲ. ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ, ತುಟಿ ಸೊಟ್ಟ ಮಾಡಿ, ಇನ್ನೇನು ಅಳುವುದರಲ್ಲಿದ್ದಳು. ಮೂರು. ಚೆಲ್ಲಯ್ಯ ಸ್ವಿಚ್ ಆರಿಸಲಿಲ್ಲ. ಆರಿಸಬೇಕಿತ್ತು, ಆರಿಸಲಿಲ್ಲ.

ಮಗಳನ್ನು ನಗಿಸಲು ಪೊನ್ನುರಂಗಂಗೆ ಗೊತ್ತಿದ್ದದ್ದು ಒಂದೇ ಉಪಾಯ. ಅದನ್ನು ಮಾಡಿದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ, ಆ ಸೆಟ್ಟಿನಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ನಾಲ್ಕು. ಅವನು ಹಿಂದಕ್ಕೆ ಬಿದ್ದು, ಅವಳ ಪಕ್ಕದಲ್ಲೇ, ಕ್ಯಾಮೆರಾದ ಕಣ್ಣೆದುರಿಗೇ ಮತ್ತೆ ಹೆಣವಾದ. ಬಾಯಿ ಸ್ವಲ್ಪ ತೆರೆದು, ಹೆಬ್ಬೆರಳು ಕೂಡಿಸಿ, ಮನೆಯ ಚಾಪೆಯ ಮೇಲೆ ಬೀಳುವ ಹಾಗೆಯೇ.

ಐದು. ಅಂಜುಗಂ ಅಪ್ಪನ ಮುಖ ನೋಡಿದಳು. ಅಂಗಾಲಿಗೆ ಕೈ ಹಾಕಿದಳು. ಆರು. ಒಂಬತ್ತು ದಿನದ ಮೇಲೆ, ಮೊದಲ ಸಲ, ಗಂಟಲು ಬಿಚ್ಚಿ ನಕ್ಕಳು.

“ಗೊತ್ತಾಯ್ತು ಅಪ್ಪಾ, ಏಳು” ಅಂದಳು.

ಅವನು ಧಡಕ್ಕನೆ ಎದ್ದು ಕೂತು ನಗುವಷ್ಟರಲ್ಲಿ ಚರಚರ ನಿಂತು ಹೋಗಿತ್ತು. ಫಿಲಂ ಮುಗಿದಿತ್ತು. ಡೈರೆಕ್ಟರ್ ತಿರುಗಿ ನೋಡಿ ಕೂಗಾಡಿದ, ಮಗುವನ್ನು ಕಂಡು ಇನ್ನಷ್ಟು ಕೂಗಾಡಿದ. ಇನ್ನೊಂದು ಹತ್ತಡಿ ಕೇಳುವ ಬಾಯಿ ಯಾರಿಗೂ ಇರಲಿಲ್ಲ. ಪೊನ್ನುರಂಗಂ ಹಣೆಯ ನಾಣ್ಯ ಕಿತ್ತು ಕೊಟ್ಟು ಮಗಳನ್ನು ಎತ್ತಿಕೊಂಡು ಮನೆಗೆ ಬಂದ.

ಆ ಸಂಜೆ ಅಂಜುಗಂಗೆ ಬೆವರು ಬಂತು. ಜ್ವರ ಇಳಿಯಿತು, ಮತ್ತೆ ಏರಲಿಲ್ಲ. ಅದು ಕೆಂಪು ಔಷಧಿಯ ಗುಣ ಅನ್ನುವವರು ಅನ್ನಲಿ.

“ನಿಮ್ಮ ನಗು?” ಎಂದು ವಡಿವು ಕೇಳಿದಳು. ಈ ವಿಷಯದಲ್ಲಿ ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದೇ ಸಲ.

“ಡಬ್ಬಿ ತುಂಬ ಇದೆಯಲ್ಲೇ, ಹಳೇದು” ಅಂದ ಅವನು.

ಆದರೆ ಅವನು ರೈಲ್ವೆ ಗೇಟು ದಾಟುವುದನ್ನು ಬಿಟ್ಟ. ಬಾವಿಯ ಹತ್ತಿರ ಹೋಗುತ್ತಿರಲಿಲ್ಲ, ಬಸ್ಸು ಹತ್ತುತ್ತಿರಲಿಲ್ಲ, ಮೀನಿನ ಮುಳ್ಳಿಗೆ ಹೆದರಿ ಮೀನು ತಿನ್ನುತ್ತಿರಲಿಲ್ಲ. ಕೆಲಸಕ್ಕೂ ಕರೆ ಬರಲಿಲ್ಲ. ಆ ಡೈರೆಕ್ಟರ್ ಊರಿಗೆಲ್ಲ ಸುದ್ದಿ ಹರಡಿದ್ದ. ದಿನವಿಡೀ ಮನೆಯಲ್ಲೇ ಇದ್ದು ತಲೆ ತಗ್ಗಿಸಿ ಓಡಾಡುವ ಗಂಡನನ್ನು ಕಂಡರೆ ವಡಿವಿಗೆ ಭಯವಾಗುತ್ತಿತ್ತು. ಅವನು ದಿನಗಳನ್ನು ಎಣಿಸುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು, ಏಕೆಂದರೆ ಅವಳೂ ಎಣಿಸುತ್ತಿದ್ದಳು.

ಆ ಷಾಟಿನಿಂದ ಹನ್ನೊಂದನೆಯ ದಿನ ಚೆಲ್ಲಯ್ಯ ಎಡಿಟಿಂಗ್ ಕೋಣೆಯಿಂದ ಆ ತುಂಡನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟು, ಮನೆಯೊಳಗೆ ಕಾಲಿಡದೆ ಹೊರಟುಹೋದ. ಪೊನ್ನುರಂಗಂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬಾಯಿ ತುಂಬ ನಗುತ್ತಿರುವ ಮಗಳು. ಅವಳ ಪಕ್ಕದಲ್ಲಿ ಮಲಗಿದವನು ಯಾರೆಂದು ಅವನಿಗೆ ಒಂದು ಗಳಿಗೆ ಹೊಳೆಯಲಿಲ್ಲ. ಆಮೇಲೆ ಬಹಳ ಹೊತ್ತು ಅದನ್ನೇ ನೋಡುತ್ತ ಕೂತ. ಸುರುಳಿ ಸುತ್ತಿ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲಿಟ್ಟು ಮುಚ್ಚಳ ಹಾಕಿದ. ಅಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಹನ್ನೆರಡನೆಯ ದಿನ ವಡಿವು ಬೆಳಿಗ್ಗೆಯಿಂದ ಅವನನ್ನು ಹೊರಗೆ ಬಿಡಲಿಲ್ಲ. ಹೊಸಿಲ ಹೊರಗೆ ಮೊರ ಇಟ್ಟುಕೊಂಡು ಕಾವಲು ಕೂತ ಹಾಗೆ ಅಕ್ಕಿ ಆರಿಸುತ್ತ ಕೂತಳು. ಅವನು ನಗುತ್ತ, ಸ್ವಲ್ಪ ಮಲಗ್ತೀನಿ, ಮನೇಲಿ ರೈಲು ಬರಲ್ಲ ಅಂದ. ಸಂಜೆ ನಾಲ್ಕಕ್ಕೆ ಅಂಜುಗಂ ಸ್ಕೂಲಿನಿಂದ ಬಂದು, ಅಮ್ಮನನ್ನು ದಾಟಿ, ಚೀಲ ಎಸೆದು ಒಳಗೆ ಹೋದಳು. ಒಳಗೆ ಒಂದು ಗಳಿಗೆ ಸದ್ದಿರಲಿಲ್ಲ. ವಡಿವಿನ ಕೈ ಮೊರದ ಮೇಲೆ ನಿಂತಿತು.

ಆಮೇಲೆ ಮಗಳ ನಗು ಕೇಳಿಸಿತು, ಗೊತ್ತಾಯ್ತು ಅಪ್ಪಾ, ಏಳು ಅನ್ನುವುದು ಕೇಳಿಸಿತು. ಆಡುತ್ತಿದ್ದಾರೆ, ಸದ್ಯ ಅಂದುಕೊಂಡು ವಡಿವು ಉಸಿರು ಬಿಟ್ಟಳು. ಇನ್ನೊಂದು ಹಿಡಿ ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡಳು. ಒಳಗೆ ಅಂಜುಗಂ ನಗುತ್ತಲೇ ಇದ್ದಳು, ಏಳು ಏಳು ಅನ್ನುತ್ತಲೇ ಇದ್ದಳು. ಏಳು ಎಣಿಸುವಷ್ಟು ಹೊತ್ತು ಕಳೆದು, ಇನ್ನೂ ಏಳು ಎಣಿಸುವಷ್ಟು ಹೊತ್ತು ಕಳೆದ ಮೇಲೆ, ಗಂಡನ ನಗು ಇನ್ನೂ ಕೇಳಿಸಿಲ್ಲ ಎಂಬುದು ವಡಿವಿಗೆ ಗೊತ್ತಾಯಿತು.